ಚೀನೀ ಕಷಾಯ: ಕಾಯಿಸುವ ಕ್ರಮ, ಕುಡಿಯುವ ಕ್ರಮ

ಚೀನಾದ ಪಾರಂಪರಿಕ ವೈದ್ಯದಲ್ಲಿ ನೆಗಡಿ, ಮೈಕೈ ನೋವು, ಚಳಿಗಾಳಿ ಸೋಕಿ ಬರುವ ಸಣ್ಣ ಜ್ವರಕ್ಕೆ ಗುಯ್‌ಜಿ ಟಾಂಗ್ ಎಂಬ ಕಷಾಯ ಕೊಡುತ್ತಾರೆ. ಸಾಮಾನು ಐದೇ: ದಾಲ್ಚಿನ್ನಿ ಜಾತಿಯ ಮರದ ಎಳೆ ರೆಂಬೆ, ಬಿಳಿ ಪಿಯೋನಿ ಗಿಡದ ಬೇರು, ಹುರಿದು ಹದಮಾಡಿದ ಜ್ಯೇಷ್ಠಮಧು, ಹಸಿ ಶುಂಠಿ, ಚೀನೀ ಕೆಂಪು ಬೋರೆಹಣ್ಣು. ಸುಮಾರು 1,800 ವರ್ಷಗಳ ಹಿಂದೆ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯರು ಇದನ್ನು ಬರೆದಿಟ್ಟರು. ಸಾಮಾನಿನ ಪಟ್ಟಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದರ ಕೆಳಗೆ ಬರುವ ಸೂಚನೆ ಮಾತ್ರ ಪಟ್ಟಿಗಿಂತ ಎಷ್ಟೋ ಪಾಲು ಉದ್ದ. ಏಳು ಅಳತೆ ನೀರನ್ನು ಸಣ್ಣ ಉರಿಯಲ್ಲಿ ಮೂರು ಅಳತೆಗೆ ಇಳಿಸಬೇಕು. ಒಂದು ಅಳತೆ ಬೆಚ್ಚಗೆ ಕುಡಿಯಬೇಕು. ತುಸು ಹೊತ್ತು ಬಿಟ್ಟು ತೆಳುವಾದ ಬಿಸಿ ಅಕ್ಕಿ ಗಂಜಿ ಕುಡಿಯಬೇಕು, ಅದು ಔಷಧಕ್ಕೆ ಒತ್ತಾಸೆ. ಹೊದ್ದುಕೊಂಡು ಎರಡು ಗಂಟೆ ಮಲಗಬೇಕು. ಮೈಯೆಲ್ಲ ಸಣ್ಣಗೆ ಬೆವರಬೇಕು, ಧಾರೆಯಾಗಿ ಇಳಿಯಬಾರದು. ಒಂದೇ ಬಟ್ಟಲಿಗೆ ಗುಣ ಕಂಡರೆ ಉಳಿದದ್ದನ್ನು ಕುಡಿಯಬಾರದು. ಬೆವರು ಬಾರದಿದ್ದರೆ ಎರಡನೆಯದು, ಆಮೇಲೆ ಮೂರನೆಯದು, ಮೂರೂ ಅರ್ಧ ದಿನದೊಳಗೆ.

ಯಾವ ಬೇರು, ಎಷ್ಟು ತೂಕ ಎನ್ನುವುದಕ್ಕಿಂತ ಹೇಗೆ ಕಾಯಿಸಬೇಕು, ಯಾವಾಗ ಕುಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೇ ಆ ವೈದ್ಯರು ಹೆಚ್ಚು ಮಾತು ಕೊಟ್ಟರು. ಇಂದು ಗುವಾಂಗ್‌ಜೌ, ಹಾಂಗ್‌ಕಾಂಗ್, ಸಿಂಗಪುರ ಅಥವಾ ಸಿಡ್ನಿಯ ಚೀನೀ ಔಷಧದಂಗಡಿಯಿಂದ ಏಳು ಪೊಟ್ಟಣ ಹಿಡಿದು ಮನೆಗೆ ಬರುವವರ ಕೈತಪ್ಪುವುದೂ ಇದೇ ಭಾಗ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಕಷಾಯ ಹೊಸದಲ್ಲ. ಅಜ್ಜಿಯ ಕಾಲದಿಂದ ಕುದಿಸಿ ಕುಡಿದವರೇ. ಆ ಅಭ್ಯಾಸ ಅರ್ಧ ಕೆಲಸಕ್ಕೆ ನೆರವಾಗುತ್ತದೆ, ಇನ್ನರ್ಧಕ್ಕೆ ದಾರಿ ತಪ್ಪಿಸುತ್ತದೆ. ಎಲ್ಲಿ ತಪ್ಪಿಸುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ.

ಚೀಟಿ ಓದುವುದು

ಒಂದು ಪೊಟ್ಟಣ ಎಂದರೆ ಸಾಮಾನ್ಯವಾಗಿ ದೊಡ್ಡವರಿಗೆ ಒಂದು ದಿನದ ಔಷಧ. ಏಳು ಪೊಟ್ಟಣ ಕೊಟ್ಟರೆ ಏಳು ದಿನ. ಹಣ ಉಳಿಸಲೆಂದು ಒಂದೇ ಪೊಟ್ಟಣವನ್ನು ಮೂರು ದಿನ ಕುದಿಸುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಎರಡು ಸಲ ಕಾಯಿಸಿದ ಮೇಲೆ ಚರಟದಲ್ಲಿ ಹೇಳಿಕೊಳ್ಳುವಷ್ಟು ಸಾರ ಉಳಿದಿರುವುದಿಲ್ಲ. ಮೂರನೆಯ ದಿನದ ಚರಟದಲ್ಲಿ ಬೂಸು ಮಾತ್ರ ಬೆಳೆಯುತ್ತದೆ.

ತೂಕದಲ್ಲಿ ಒಂದು ತೊಡಕಿದೆ. ಹಳೆಯ ಚೀಟಿಗಳಲ್ಲಿ ‘ಚಿಯೆನ್’ ಎಂಬ ಅಳತೆ ಇರುತ್ತದೆ. ಚೀನಾ 1979ರಿಂದ ಔಷಧದ ತೂಕವನ್ನು ಗ್ರಾಮಿಗೆ ಬದಲಿಸಿತು, ಒಂದು ಚಿಯೆನ್‌ಗೆ 3 ಗ್ರಾಂ ಎಂದು ಲೆಕ್ಕ ಹಿಡಿಯಿತು. ಹಾಂಗ್‌ಕಾಂಗ್‌ನ ಹಳೆಯ ತೂಕದಲ್ಲಿ ಅದೇ ಚಿಯೆನ್ 3.75 ಗ್ರಾಮಿಗೂ ಸ್ವಲ್ಪ ಹೆಚ್ಚು. ಚೀಟಿ ಒಂದು ಊರಿನದು, ಅಂಗಡಿ ಇನ್ನೊಂದು ಊರಿನದು ಆದರೆ ಪ್ರತಿ ಸಾಮಾನೂ ಸುಮಾರು ಕಾಲು ಭಾಗದವರೆಗೆ ಹೆಚ್ಚು ಕಡಿಮೆ ಆಗುತ್ತದೆ. ಜ್ಯೇಷ್ಠಮಧುವಿನಲ್ಲಿ ಅಷ್ಟು ಏರುಪೇರನ್ನು ಸಹಿಸಬಹುದು, ವಿಷಬೇರಿನಲ್ಲಿ ಆಗದು. ಗ್ರಾಂ ಬರೆಸಿಕೊಳ್ಳುವುದೇ ಕ್ಷೇಮ.

ದೊಡ್ಡ ಪೊಟ್ಟಣದೊಳಗೆ ಚಿಕ್ಕ ಚಿಕ್ಕ ಪೊಟ್ಟಣಗಳಿದ್ದರೆ ಅವನ್ನು ಬಿಚ್ಚಿ ಒಟ್ಟಿಗೆ ಸುರಿಯಬೇಡಿ. ಬೇರೆ ಕಟ್ಟಿರುವುದಕ್ಕೆ ಕಾರಣ ಇದೆ. ಅದನ್ನು ಮುಂದೆ ವಿವರವಾಗಿ ನೋಡೋಣ, ಏಕೆಂದರೆ ಹೆಚ್ಚಿನ ಅನಾಹುತ ಆಗುವುದು ಅಲ್ಲೇ.

ಪಾತ್ರೆ, ನೀರು, ನೆನೆಯುವ ಹೊತ್ತು

ಮಣ್ಣಿನ ಪಾತ್ರೆ ಎಲ್ಲಕ್ಕಿಂತ ಮೇಲು. ಶಾಖ ಮೆಲ್ಲಗೆ ಏರುತ್ತದೆ, ಸಾಮಾನಿನೊಂದಿಗೆ ಯಾವ ತಕರಾರೂ ಇಲ್ಲ. ಗಾಜು, ಎನಾಮಲ್, ಸ್ಟೀಲ್ ಆಗಬಹುದು. ಕಬ್ಬಿಣ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ. ಬೇರು ತೊಗಟೆಗಳಲ್ಲಿ ಒಗರು ಕೊಡುವ ಟ್ಯಾನಿನ್ ಇರುತ್ತದೆ. ಅದು ಕಬ್ಬಿಣಕ್ಕೆ ತಾಗಿದರೆ ಕಷಾಯ ಶಾಯಿಯಂತೆ ಕಪ್ಪಾಗುತ್ತದೆ, ಸಾರದ ಒಂದು ಪಾಲು ತಳಕ್ಕೆ ಇಳಿದು ಹಾಳಾಗುತ್ತದೆ. ಅಳಲೆಕಾಯಿ ಕುದಿಸಿದ ಕಬ್ಬಿಣದ ಬಾಣಲೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಂದಹಾಗೆ ಅಳಲೆಕಾಯಿ ಚೀನೀ ಔಷಧವೂ ಹೌದು. ಅಲ್ಲಿನ ಹಳೆಯ ಹೆಸರು ‘ಹೆಲಿಲೆ’, ನಮ್ಮ ‘ಹರೀತಕಿ’ಯ ಕಡೆಯಿಂದಲೇ ಹೋದ ಮಾತು. ಹಿಪ್ಪಲಿಗೂ ಅಲ್ಲಿ ‘ಪಿಪ್ಪಲಿ’ಯಿಂದ ಬಂದ ಹೆಸರೇ ಉಳಿದಿದೆ.

ಸಾಮಾನನ್ನು ತೊಳೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಕಣ್ಣಿಗೆ ಕಾಣುವ ಮಣ್ಣಿದ್ದರೆ ಒಮ್ಮೆ ಬೇಗನೆ ನೀರಾಡಿಸಿ ಚೆಲ್ಲಿ. ಆಮೇಲೆ ತಣ್ಣೀರಿನಲ್ಲಿ ಕನಿಷ್ಠ ಅರ್ಧ ಗಂಟೆ ನೆನೆಹಾಕಿ. ಗಟ್ಟಿ ಬೇರು, ಬೀಜ, ಚಿಪ್ಪು ಹೆಚ್ಚಿದ್ದರೆ ಒಂದು ಗಂಟೆ. ಬೇಗ ಆಗಲಿ ಎಂದು ಬಿಸಿನೀರು ಸುರಿಯುವುದುಂಟು. ಕುದಿಯುವ ಎಸರಿಗೆ ರಾಗಿಹಿಟ್ಟು ಒಮ್ಮೆಲೇ ಬಿದ್ದರೆ ಗಂಟಿನ ಹೊರಮೈ ಬೆಂದು ಒಳಗಿನ ಹಿಟ್ಟು ಒಣಗಿಯೇ ಉಳಿಯುವುದನ್ನು ನೆನಪಿಸಿಕೊಳ್ಳಿ. ಬೇರಿನ ಹೊರಪದರದ ಪಿಷ್ಟ, ಪ್ರೋಟೀನು ಬಿಸಿಗೆ ಗಟ್ಟಿಯಾದರೆ ಒಳಗಿನ ಸಾರ ಹೊರಗೆ ಬರಲು ದಾರಿ ಇರುವುದಿಲ್ಲ. ನೆನೆಸಿದ ನೀರನ್ನು ಚೆಲ್ಲಬಾರದು, ಅದರಲ್ಲೇ ಕಾಯಿಸಬೇಕು.

ಎಷ್ಟು ನೀರು? ಚೀನಾದ ಆರೋಗ್ಯ ಇಲಾಖೆ ಆಸ್ಪತ್ರೆಗಳ ಕಷಾಯ ಕೋಣೆಗಳಿಗಾಗಿ 2009ರಲ್ಲಿ ಒಂದು ನಿಯಮಾವಳಿ ತಂದಿತು. ಅದರ ಪ್ರಕಾರ ಸಾಮಾನಿನ ಮೇಲೆ 2ರಿಂದ 5 ಸೆಂಟಿಮೀಟರ್ ನೀರು ನಿಲ್ಲಬೇಕು. ಮನೆಯಲ್ಲಿ ಎರಡು ಬೆರಳು ದಪ್ಪ ಎಂದು ಇಟ್ಟುಕೊಳ್ಳಿ. ಎಲೆ, ಹೂವು ತೇಲುತ್ತವೆ, ಆದ್ದರಿಂದ ಸೌಟಿನ ಬೆನ್ನಿನಿಂದ ಒತ್ತಿ ಹಿಡಿದು ಆಮೇಲೆ ನೀರಿನ ಮಟ್ಟ ನೋಡಬೇಕು. ಒಣ ಸಾಮಾನು ಬಹಳ ನೀರು ಕುಡಿಯುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಮಟ್ಟ ಇಳಿದಿದ್ದರೆ ಒಲೆ ಹಚ್ಚುವ ಮೊದಲೇ ತುಂಬಿ, ಕುದಿಯುವಾಗ ಅಲ್ಲ.

ಉರಿ

ಚೀನೀಯರು ಉರಿಗೆ ಎರಡು ಹೆಸರಿಟ್ಟಿದ್ದಾರೆ: ಯೋಧನ ಉರಿ, ವಿದ್ವಾಂಸನ ಉರಿ. ಕುದಿ ಬರುವವರೆಗೆ ಯೋಧನದು, ಕುದಿ ಬಂದ ಮೇಲೆ ವಿದ್ವಾಂಸನದು, ಅಂದರೆ ಮುಚ್ಚಳ ಮುಚ್ಚಿ ಗುಳ್ಳೆ ಮೆಲ್ಲಗೆ ಏಳುವಷ್ಟು ಸಣ್ಣ ಉರಿ. ಹೊತ್ತನ್ನು ಎಣಿಸುವುದು ಕುದಿ ಬಂದ ಕ್ಷಣದಿಂದ, ಒಲೆ ಹಚ್ಚಿದ ಕ್ಷಣದಿಂದ ಅಲ್ಲ. ಸಾಧಾರಣ ಕಷಾಯಕ್ಕೆ 20–30 ನಿಮಿಷ. ಬೆವರಿಸಿ ನೆಗಡಿ ಇಳಿಸುವ ಕಷಾಯಕ್ಕೆ 15–20 ನಿಮಿಷ ಸಾಕು. ಬಲ ಕೊಡುವ ಬೇರುಗಳ ಕಷಾಯಕ್ಕೆ 40–60 ನಿಮಿಷ.

ಮೊದಲ ಸಲದ ಕಷಾಯವನ್ನು ಬಿಸಿಯಿರುವಾಗಲೇ ಸೋಸಿ. ತಣಿಯಲು ಬಿಟ್ಟರೆ ಕರಗಿದ ಸಾರದ ಒಂದು ಪಾಲು ಚರಟಕ್ಕೇ ಮರಳಿ ಅಂಟಿಕೊಳ್ಳುತ್ತದೆ. ಚರಟವನ್ನು ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಇನ್ನೂ ಸ್ವಲ್ಪ ಸಿಗುತ್ತದೆ. ಆಮೇಲೆ ಅದೇ ಚರಟಕ್ಕೆ ಮೊದಲಿಗಿಂತ ಕಡಿಮೆ, ಮುಳುಗಿ ಒಂದು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ 15–20 ನಿಮಿಷ ಕಾಯಿಸಿ. ಎರಡನ್ನೂ ಬೆರೆಸಿ, ಎರಡು ಸಮಪಾಲು ಮಾಡಿ. ಈ ಬೆರೆಸುವ ಹೆಜ್ಜೆಯನ್ನು ಬಿಟ್ಟು ಬೆಳಿಗ್ಗೆ ಮೊದಲನೆಯದು, ಸಂಜೆ ಎರಡನೆಯದು ಕುಡಿದರೆ ಬೆಳಗಿನದು ಗಟ್ಟಿ, ಸಂಜೆಯದು ನೀರು. ದೊಡ್ಡವರಿಗೆ ದಿನಕ್ಕೆ ಒಟ್ಟು 400–600 ಮಿಲಿ, ಮಕ್ಕಳಿಗೆ 100–300 ಮಿಲಿ ಎಂದು ಅದೇ ನಿಯಮಾವಳಿ ಹೇಳುತ್ತದೆ.

ನಮ್ಮವರು ಎಡವುವುದು ಇಲ್ಲಿ. ಆಯುರ್ವೇದದ ಕ್ವಾಥಕ್ಕೆ ಒಂದು ಪಾಲು ಸಾಮಾನು, ಹದಿನಾರು ಪಾಲು ನೀರು, ಎಂಟನೇ ಒಂದು ಪಾಲಿಗೆ ಇಳಿಸು ಎಂಬ ಲೆಕ್ಕ ಮನೆಮಾತಾಗಿದೆ. ಮುಚ್ಚಳ ತೆಗೆದು ಇಂಗಿಸುವುದೂ ರೂಢಿ. ಅದೇ ಕೈ ಚೀನೀ ಪೊಟ್ಟಣದ ಮೇಲೂ ಓಡುತ್ತದೆ. ಆದರೆ ಇಂದಿನ ಚೀನೀ ಕ್ರಮದಲ್ಲಿ ಗಟ್ಟಿತನ ಬರುವುದು ಇಂಗಿಸುವುದರಿಂದಲ್ಲ, ಎರಡು ಸಲ ತೆಗೆಯುವುದರಿಂದ. ಗುಯ್‌ಜಿ ಟಾಂಗ್‌ನ ದಾಲ್ಚಿನ್ನಿ ರೆಂಬೆಯನ್ನು ಒಂದು ಗಂಟೆ ತೆರೆದ ಪಾತ್ರೆಯಲ್ಲಿ ಇಂಗಿಸಿದರೆ ಅಡುಗೆಮನೆ ಘಮಘಮ ಎನ್ನುತ್ತದೆ. ಬೆವರಿಸಬೇಕಾದ ಎಣ್ಣೆಯಂಶ ಆ ಘಮದ ಜೊತೆ ಹೋಯಿತು ಎಂದೇ ಅದರ ಅರ್ಥ.

ಬೆಂಕಿ ಔಷಧವನ್ನು ಹೇಗೆ ಕೆಡಿಸಬಲ್ಲದು ಎನ್ನುವುದಕ್ಕೆ ಚೀನಾದಲ್ಲೇ ಜಗತ್ತಿಗೆ ಗೊತ್ತಿರುವ ಸಾಕ್ಷಿ ಇದೆ. ಮಲೇರಿಯಾಕ್ಕೆ ‘ಚಿಂಗ್‌ಹಾವ್’ ಎಂಬ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದು ನಾಲ್ಕನೇ ಶತಮಾನದ ಗೆ ಹೊಂಗ್ ಬರೆದಿದ್ದ. ಕುದಿಸು ಎಂದಿರಲಿಲ್ಲ. ಈ ಸಣ್ಣ ವ್ಯತ್ಯಾಸ ಕಣ್ಣಿಗೆ ಬಿದ್ದ ಮೇಲೆ ವಿಜ್ಞಾನಿ ಟು ಯೂಯೂ 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಆರ್ಟೆಮಿಸಿನಿನ್ ಬಂದ ದಾರಿ ಅದು, 2015ರ ನೊಬೆಲ್ ಬಹುಮಾನದ ದಾರಿಯೂ ಅದೇ. ಹಾಗೆಂದು ಮಲೇರಿಯಾಕ್ಕೆ ಈ ಗಿಡದ ಚಹಾ ಕುಡಿಯುವುದು ಸಲ್ಲದು. ಅದರಲ್ಲಿ ಔಷಧದ ಪ್ರಮಾಣ ಸಾಲದು, ಗಿಡದಿಂದ ಗಿಡಕ್ಕೆ ಬದಲಾಗುತ್ತದೆ ಎಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪುವುದಿಲ್ಲ.

ತಳ ಹಿಡಿದು ಸೀದರೆ ನೀರು ಬೆರೆಸಿ ಸರಿಮಾಡಲು ಹೋಗಬೇಡಿ. ಆ ಪೊಟ್ಟಣವನ್ನು ಪೂರ್ತಿ ಬಿಸಾಡಿ.

ಚಿಕ್ಕ ಪೊಟ್ಟಣಗಳ ಗುಟ್ಟು

ಕೆಲವು ಸಾಮಾನು ಮೊದಲು ಬೇಯಬೇಕು, ಕೆಲವು ಕೊನೆಗೆ, ಕೆಲವು ಬಟ್ಟೆಯ ಗಂಟಿನಲ್ಲಿ, ಕೆಲವು ಬೇರೆಯೇ ಪಾತ್ರೆಯಲ್ಲಿ, ಕೆಲವು ಬೇಯಲೇಬಾರದು. ಚೀಟಿಯಲ್ಲಿ ಹೆಸರಿನ ಪಕ್ಕ ಚಿಕ್ಕದಾಗಿ ಎರಡಕ್ಷರ ಬರೆದಿರುತ್ತಾರೆ. ಚೀನೀ ಲಿಪಿ ಬಾರದವರು ಅಂಗಡಿಯಲ್ಲೇ ಕೇಳಿ, ಪ್ರತಿ ಚಿಕ್ಕ ಪೊಟ್ಟಣದ ಮೇಲೂ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದಿಟ್ಟುಕೊಳ್ಳಬೇಕು.

ಮೊದಲು ಬೇಯಬೇಕಾದವು ಚಿಪ್ಪು, ಮೂಳೆ, ಕಲ್ಲು: ಸಿಂಪಿಯ ಚಿಪ್ಪು, ಆಮೆಯ ಚಿಪ್ಪು, ಜಿಪ್ಸಮ್. ಇವು ಸಾರ ಬಿಡುವುದು ನಿಧಾನ, ಆದ್ದರಿಂದ ಉಳಿದವಕ್ಕಿಂತ 10–15 ನಿಮಿಷ ಮುಂಚೆ ಕುದಿಯಬೇಕು. ಇಲ್ಲಿ ತಪ್ಪಿದರೆ ಔಷಧ ಸಪ್ಪೆಯಾಗುತ್ತದೆ, ಅಷ್ಟೆ.

ಫೂಜಿಯ ಮಾತು ಬೇರೆ. ಅದು ನಮ್ಮ ವತ್ಸನಾಭಿಯ ಕುಲದ ಗಿಡದ ಗೆಡ್ಡೆ. ಅದರೊಳಗಿನ ಅಕೊನಿಟಿನ್ ಎಂಬ ವಿಷ ಕೆಲವೇ ಮಿಲಿಗ್ರಾಮಿನಲ್ಲಿ ಹೃದಯದ ಬಡಿತ ಕೆಡಿಸಿ ಕೊಲ್ಲಬಲ್ಲದು. ಆಯುರ್ವೇದದವರು ವತ್ಸನಾಭಿಯನ್ನು ಶೋಧನೆ ಮಾಡದೆ ಮುಟ್ಟುವುದಿಲ್ಲ. ಚೀನೀಯರೂ ಅಂಗಡಿಗೆ ಬರುವ ಮುಂಚೆಯೇ ಅದನ್ನು ಹದಮಾಡಿರುತ್ತಾರೆ. ಆದರೂ ಮನೆಯಲ್ಲಿ ಅದನ್ನೊಂದನ್ನೇ ಮೊದಲು 30–60 ನಿಮಿಷ, ಪ್ರಮಾಣ ಹೆಚ್ಚಿದ್ದರೆ ಅದಕ್ಕೂ ಹೆಚ್ಚು, ಬಿಡದೆ ಕುದಿಸಬೇಕು. ಕುದಿಯುವ ನೀರಿನಲ್ಲಿ ಅಕೊನಿಟಿನ್ ಹಂತ ಹಂತವಾಗಿ ಒಡೆದು ಬಹಳ ಕಡಿಮೆ ವಿಷದ ರೂಪಕ್ಕೆ ಇಳಿಯುತ್ತದೆ. ಹೊತ್ತು ಕಡಿಮೆಯಾದರೆ ಆ ಒಡೆಯುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕುಡಿದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ, ಬೆರಳು ಮರಗಟ್ಟಿದರೆ, ಎದೆ ಡವಡವ ಎಂದರೆ, ವಾಂತಿಯಾದರೆ ಕಾದು ನೋಡಬಾರದು. ಅಲ್ಲಿಯೇ ನಿಲ್ಲಿಸಿ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು. ಈ ಗೆಡ್ಡೆಯನ್ನು ಮದ್ಯದಲ್ಲಿ ನೆನೆಸಿ ಕುಡಿಯುವುದು ಇನ್ನೂ ಅಪಾಯ, ಏಕೆಂದರೆ ಅಲ್ಲಿ ವಿಷ ಕರಗುತ್ತದೆ, ಒಡೆಯುವುದಿಲ್ಲ.

ಕೊನೆಗೆ ಬೀಳಬೇಕಾದವು ಪರಿಮಳದವು. ಪುದೀನದ ಬಂಧು ಬೋಹ, ಏಲಕ್ಕಿಯ ಬಂಧು ಶಾರೆನ್, ನಮ್ಮ ಶ್ರೀಗಂಧದ ಚಕ್ಕೆ. ಒಲೆ ಆರಿಸುವ 5–10 ನಿಮಿಷ ಮುಂಚೆ ಹಾಕಿ ಮುಚ್ಚಳ ಬಿಗಿಮಾಡಬೇಕು. ಪರಿಮಳವಿಲ್ಲದ ಎರಡು ಸಾಮಾನೂ ಈ ಗುಂಪಿನಲ್ಲಿವೆ. ಒಂದು ಗೌಟೆಂಗ್ ಎಂಬ ಕೊಕ್ಕೆಮುಳ್ಳಿನ ಬಳ್ಳಿ, ರಕ್ತದೊತ್ತಡ ಇಳಿಸಲೆಂದು ಕೊಡುವುದು. ಹೆಚ್ಚು ಹೊತ್ತು ಕುದಿಸಿದರೆ ಅದರ ಆ ಗುಣ ಕುಗ್ಗುತ್ತದೆ. ಇನ್ನೊಂದು ನಮ್ಮ ಗ್ರಂಥಿಗೆ ಅಂಗಡಿಯಲ್ಲೂ ಸಿಗುವ ರೇವಲ್ಚಿನ್ನಿ. ಸ್ವಲ್ಪ ಹೊತ್ತು ಕುದಿಸಿದರೆ ಚೆನ್ನಾಗಿ ಭೇದಿ ಮಾಡಿಸುತ್ತದೆ, ಬಹಳ ಹೊತ್ತು ಕುದಿಸಿದರೆ ಭೇದಿಯ ಬಲ ಇಳಿಯುತ್ತದೆ. ಒಂದೇ ಬೇರು, ಒಂದೇ ತೂಕ, ಒಲೆಯ ಮೇಲಿನ ಹೊತ್ತು ಬದಲಾದರೆ ಕೆಲಸವೇ ಬದಲು. ವೈದ್ಯರು ಮಲಬದ್ಧತೆಗೆ ಬರೆದರೋ ಬೇರೆ ಕಾರಣಕ್ಕೆ ಬರೆದರೋ ಎಂಬುದು ಆ ಎರಡಕ್ಷರದಲ್ಲಿ ಅಡಗಿರುತ್ತದೆ.

ಬಟ್ಟೆಗಂಟಿನಲ್ಲಿ ಕಟ್ಟುವುದು ಸಣ್ಣ ಬೀಜ, ಪರಾಗ, ನವಿರಿರುವ ಹೂವು. ಇಸಬ್‌ಗೋಲಿನ ಬಂಧುವಾದ ಚೆಚಿಯೆನ್‌ಜಿ ಬೀಜ ಬಿಸಿನೀರಿಗೆ ಲೋಳೆ ಬಿಟ್ಟು ತಳಕ್ಕೆ ಅಂಟಿ ಸೀಯುತ್ತದೆ. ಶ್ವಾನ್‌ಫುಹ್ವಾ ಎಂಬ ಹೂವಿನ ಸೂಕ್ಷ್ಮ ನವಿರು ಸೋಸುವ ಜರಡಿಯಲ್ಲಿ ನಿಲ್ಲುವುದಿಲ್ಲ. ಗಂಟಲಿಗೆ ಹೋಗಿ ಕೆರೆತ ಎಬ್ಬಿಸುತ್ತದೆ. ಕೆಮ್ಮಿಗೆ ಕೊಟ್ಟ ಹೂವೇ ಕೆಮ್ಮು ತರಿಸಿದಂತಾಗುತ್ತದೆ. ಗಂಟನ್ನು ಸಡಿಲವಾಗಿ ಕಟ್ಟಿ, ಬೀಜ ಉಬ್ಬಲು ಜಾಗ ಬೇಕು.

ಜಿನ್ಸೆಂಗ್ ದುಬಾರಿ. ಬೇರೆ ಸಾಮಾನಿನ ಚರಟ ಅದರ ಸಾರವನ್ನು ಹೀರಬಾರದೆಂದು ತೆಳು ಬಿಲ್ಲೆ ಮಾಡಿ ಬೇರೆ ಪುಟ್ಟ ಪಾತ್ರೆಯಲ್ಲಿ ಸುಮಾರು ಎರಡು ಗಂಟೆ ಕಾಯಿಸಿ, ಆಮೇಲೆ ಬೆರೆಸುತ್ತಾರೆ. ಕತ್ತೆಯ ಚರ್ಮದಿಂದ ಮಾಡುವ ಅಜಿಯಾವ್ ಎಂಬ ಅಂಟನ್ನು ಕುದಿಸುವುದಿಲ್ಲ, ಸೋಸಿದ ಬಿಸಿ ಕಷಾಯದಲ್ಲಿ ಕಲಕಿ ಕರಗಿಸುತ್ತಾರೆ. ಪಾತ್ರೆಗೆ ಹಾಕಿದರೆ ಅದು ಎಲ್ಲ ಬೇರುಗಳಿಗೂ ಅಂಟಿ ಕೂರುತ್ತದೆ. ಸಸ್ಯಾಹಾರಿಗಳು ಈ ಅಂಟು, ಚಿಪ್ಪು, ಮೂಳೆಗಳ ಬಗ್ಗೆ ಚೀಟಿ ಬರೆಯುವಾಗಲೇ ಹೇಳಿದರೆ ಬದಲಿ ಕೊಡಲು ವೈದ್ಯರಿಗೆ ಆಗುತ್ತದೆ. ಸಾನ್‌ಚಿ ಎಂಬ ಬೇರನ್ನು ಒಂದು ಸಲಕ್ಕೆ 1–3 ಗ್ರಾಂ ಪುಡಿಯಾಗಿ ಕಷಾಯದ ಜೊತೆ ನುಂಗುವುದುಂಟು.

ಇಂಗಲೀಕ, ಅವರ ಭಾಷೆಯಲ್ಲಿ ಜೂಶಾ, ಪಾದರಸದ ಅದಿರು. ಅದನ್ನು ಎಂದೂ ಬೆಂಕಿಗೆ ಇಡಬಾರದು, ಕಾಯಿಸಿದರೆ ಪಾದರಸ ಬಿಡುಗಡೆಯಾಗುತ್ತದೆ. ನಮ್ಮ ಸಲಹೆ ಇನ್ನೂ ನೇರ: ಮನೆಗೆ ತರುವ ಪೊಟ್ಟಣದಲ್ಲಿ ಅದು ಇರಲೇಬಾರದು.

ಐದು ಸಾಮಾನಿನ ಪೊಟ್ಟಣವೊಂದು ಒಲೆಯ ಮೇಲೆ

ಗುಯ್‌ಜಿ ಟಾಂಗ್‌ನ ಇಂದಿನ ಸಾಧಾರಣ ಪ್ರಮಾಣ ಹೀಗಿದೆ: ದಾಲ್ಚಿನ್ನಿ ರೆಂಬೆ 9 ಗ್ರಾಂ, ಬಿಳಿ ಪಿಯೋನಿ 9, ಜ್ಯೇಷ್ಠಮಧು 6, ಹಸಿ ಶುಂಠಿ 9 ಗ್ರಾಂ, ಬೋರೆಹಣ್ಣು ಮಾತ್ರ ಎಣಿಸಿ ಮೂರು. ಶುಂಠಿ ಸಾಮಾನ್ಯವಾಗಿ ಪೊಟ್ಟಣದಲ್ಲಿ ಇರುವುದಿಲ್ಲ, ಮನೆಯದೇ ಬಿಲ್ಲೆ ಮಾಡಿ ಹಾಕಬೇಕು. ಒಣಶುಂಠಿ ಅದಕ್ಕೆ ಬದಲಿಯಲ್ಲ, ಚೀನೀ ಲೆಕ್ಕದಲ್ಲಿ ಅದು ಬೇರೆಯೇ ಔಷಧ. ಬೋರೆಹಣ್ಣನ್ನು ಇಡಿಯಾಗಿ ಹಾಕಿದರೆ ಸಿಪ್ಪೆ ಉಬ್ಬಿ ತೇಲುತ್ತದೆ, ತಿರುಳು ಒಳಗೇ ಉಳಿಯುತ್ತದೆ. ಕೈಯಿಂದ ಸೀಳಿ ಹಾಕಬೇಕು. ಹಳೆಯ ಸೂಚನೆಯಲ್ಲೂ ಸೀಳು ಎಂದೇ ಇದೆ. ಅರ್ಧ ಗಂಟೆ ನೆನೆದಾಗ ಪಿಯೋನಿಯ ಬಿಲ್ಲೆಯನ್ನು ಬಗ್ಗಿಸಿದರೆ ಮುರಿಯದೆ ಬಾಗಬೇಕು. ನಡುವೆ ಬಿಳಿ ಒಣಗೆರೆ ಕಂಡರೆ ಇನ್ನೂ ಹತ್ತು ನಿಮಿಷ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 15–20 ನಿಮಿಷ, ಮುಚ್ಚಳ ಮುಚ್ಚಿಯೇ. ಬಣ್ಣ ಕೆಂಗಂದು, ರುಚಿ ಮೊದಲು ಸಿಹಿ, ಆಮೇಲೆ ಖಾರ. ಬೆಚ್ಚಗೆ ಕುಡಿದು ಹದಿನೈದು ನಿಮಿಷಕ್ಕೆ ಗಂಜಿ. ಉಪ್ಪಿಟ್ಟು, ದೋಸೆ ಅಲ್ಲ, ಗಂಜಿಯೇ. ಹೊಟ್ಟೆಗೆ ಭಾರವಾಗದೆ ಒಳಗಿನಿಂದ ಬಿಸಿ ಕೊಡುವುದು ಅದರ ಕೆಲಸ. ಕುತ್ತಿಗೆ, ಅಂಗೈ, ಅಂಗಾಲು ತೇವವಾದರೆ ಸಾಕು. ಬಟ್ಟೆ ತೊಯ್ದು ತೊಪ್ಪೆಯಾಗುವವರೆಗೆ ಹೊದ್ದು ಮಲಗಿದರೆ ಸುಸ್ತು ಹೆಚ್ಚುತ್ತದೆ, ಜ್ವರ ಹೋಗುವುದಿಲ್ಲ.

ಮೈ ಸುಡುವ ಜ್ವರ, ಗಂಟಲುರಿ, ಬಾಯಾರಿಕೆ ಇದ್ದವರಿಗೆ ಇದು ಹೊಂದುವುದಿಲ್ಲ. ಉಷ್ಣ, ತಂಪು ಎಂಬ ನಮ್ಮ ಮನೆಯ ಲೆಕ್ಕಾಚಾರ ಚೀನೀ ವೈದ್ಯಕ್ಕೂ ತಕ್ಕಮಟ್ಟಿಗೆ ಒಪ್ಪುತ್ತದೆ. ಇದು ಉಷ್ಣದ ಕಷಾಯ. ನೆಗಡಿ ಎಂದ ಕೂಡಲೇ ಎಲ್ಲರಿಗೂ ಇದನ್ನೇ ಕಾಯಿಸುವುದು ತಪ್ಪು.

ಯಾವಾಗ, ಎಷ್ಟು ಬಿಸಿ

ಬೇರೆ ಸೂಚನೆ ಇಲ್ಲದಿದ್ದರೆ ಊಟಕ್ಕೂ ಔಷಧಕ್ಕೂ ನಡುವೆ ಒಂದು ಗಂಟೆ ಬಿಡಿ, ಎರಡು ಬಟ್ಟಲುಗಳ ನಡುವೆ ನಾಲ್ಕರಿಂದ ಆರು ಗಂಟೆ. ಬಲವರ್ಧಕಗಳನ್ನು ಊಟಕ್ಕೆ ಮುಂಚೆ ಕೊಡುತ್ತಾರೆ. ಹೊಟ್ಟೆ ಉರಿಸುವಂಥವನ್ನು ಊಟದ ಮೇಲೆ. ನಿದ್ದೆಗೆ ಕೊಟ್ಟದ್ದನ್ನು ಮಲಗುವ ಅರ್ಧ ಗಂಟೆ, ಒಂದು ಗಂಟೆ ಮುಂಚೆ. ಭೇದಿಯದನ್ನು ಬರಿಹೊಟ್ಟೆಗೆ, ಹೊಟ್ಟೆ ಹೋದ ಕೂಡಲೇ ನಿಲ್ಲಿಸಬೇಕು, ಪೊಟ್ಟಣ ಉಳಿದಿದೆ ಎಂದು ಮುಂದುವರಿಸಬಾರದು.

ಬಟ್ಟಲ ತಳದಲ್ಲಿ ಮಡ್ಡಿ ನಿಂತಿರುತ್ತದೆ. ಕಲಕಿ ಕುಡಿಯಿರಿ, ಅದೂ ಔಷಧವೇ. ಕಹಿ ತಡೆಯದವರು ತೀರಾ ಬಿಸಿಯಿರುವಾಗ ಕುಡಿಯದೆ ಉಗುರುಬೆಚ್ಚಗೆ ಆದಾಗ ಕುಡಿಯಬೇಕು. ವಾಂತಿ ಬರುವಂತಿದ್ದರೆ ಮೊದಲು ಒಂದು ಚೂರು ಹಸಿಶುಂಠಿ ಅಗಿದು, ಗುಟುಕು ಗುಟುಕಾಗಿ ಕುಡಿದರೆ ನಿಲ್ಲುತ್ತದೆ. ಕಷಾಯಕ್ಕೆ ಬೆಲ್ಲ, ಸಕ್ಕರೆ ಬೆರೆಸಬೇಡಿ. ಕುಡಿದ ಮೇಲೆ ಬಾಯಿಗೆ ಒಂದು ಕಲ್ಲುಸಕ್ಕರೆ ಹಾಕಿಕೊಂಡರೆ ತೊಂದರೆ ಇಲ್ಲ, ಸಕ್ಕರೆ ಕಾಯಿಲೆ ಇದ್ದವರ ಹೊರತು.

ಆಯಾ ದಿನದ್ದು ಆಯಾ ದಿನ. ಸಂಜೆಯ ಪಾಲು ಫ್ರಿಜ್ಜಿನಲ್ಲಿ ಇರಲಿ, ಕುಡಿಯುವಾಗ ಬಿಸಿ ಮಾಡಿ. ಅಂಗಡಿಯವರೇ ಕಾಯಿಸಿ ಕೊಡುವ ಮುಚ್ಚಿದ ಚೀಲಗಳನ್ನೂ ಫ್ರಿಜ್ಜಿನಲ್ಲಿಟ್ಟು, ಬಿಸಿನೀರಲ್ಲಿ ಮುಳುಗಿಸಿ ಬೆಚ್ಚಗೆ ಮಾಡಬೇಕು. ಚೀಲ ಉಬ್ಬಿದ್ದರೆ, ಹುಳಿ ವಾಸನೆ ಬಂದರೆ ಎಸೆಯಬೇಕು.

ಪಥ್ಯದ ವಿಚಾರಕ್ಕೆ ಹೆಚ್ಚು ಹೇಳುವುದು ಬೇಡ. ಎಣ್ಣೆಯಲ್ಲಿ ಕರಿದದ್ದು, ತಣ್ಣಗಿನದು, ಮದ್ಯ ಬಿಡಿ ಎಂಬುದು ಸಾಮಾನ್ಯ ಮಾತು. ಗಟ್ಟಿ ಚಹಾ, ಹಾಲಿನ ಜೊತೆ ಔಷಧ ನುಂಗಬಾರದು, ಒಂದು ಗಂಟೆ ಅಂತರ ಇರಲಿ. ಇದಕ್ಕೂ ಅಪವಾದ ಉಂಟು. ತಲೆನೋವಿಗೆ ಕೊಡುವ ಚ್ವಾನ್‌ಶಿಯೊಂಗ್ ಚಾಟಿಯಾವ್ ಸಾನ್ ಎಂಬ ಪುಡಿಯನ್ನು ತಿಳಿ ಚಹಾದಲ್ಲೇ ನುಂಗಬೇಕು, ಅದರ ಹೆಸರಿನಲ್ಲೇ ಚಹಾ ಇದೆ. ನಮ್ಮಲ್ಲಿ ಅನುಪಾನ ಎನ್ನುವುದು ಇದನ್ನೇ.

ಕಾಯಿಸದ ಔಷಧಗಳು

ಕೆಲಸಕ್ಕೆ ಹೋಗುವವರು ಈಗ ಹೆಚ್ಚಾಗಿ ಹರಳುಪುಡಿ ಕೇಳುತ್ತಾರೆ. ಪ್ರತಿ ಬೇರಿನ ಕಷಾಯವನ್ನು ಕಾರ್ಖಾನೆಯಲ್ಲಿ ಒಣಗಿಸಿ ಮಾಡಿದ ಪುಡಿ ಅದು. ಕುದಿದ ನೀರು 100–200 ಮಿಲಿ ಸುರಿದು, ಮುಚ್ಚಿ ಎರಡು ನಿಮಿಷ ಬಿಟ್ಟು, ಕಲಕಿ ಕುಡಿಯಬೇಕು. ಚೀಲದ ಮೇಲೆ ಪುಡಿಯ ತೂಕ ಬೇರೆ, ಅದು ಎಷ್ಟು ಗ್ರಾಂ ಒಣಬೇರಿಗೆ ಸಮ ಎನ್ನುವುದು ಬೇರೆ, ಎರಡೂ ಬರೆದಿರುತ್ತದೆ. ಒಣಬೇರಿನ ತೂಕವನ್ನೇ ಪುಡಿಯ ತೂಕ ಎಂದು ತಿಳಿದರೆ ಪ್ರಮಾಣ ಹಲವು ಪಟ್ಟು ಏರುತ್ತದೆ.

ಗುಳಿಗೆಯಲ್ಲೂ ಇದೇ ಎಚ್ಚರ ಬೇಕು. ಲಿಯುವೈ ಡಿಹುವಾಂಗ್ ವಾನ್ ಎಂಬ ಹೆಸರಾಂತ ಗುಳಿಗೆ ಜೇನುಂಡೆಯಾಗಿಯೂ ಬರುತ್ತದೆ, ಸಾಂದ್ರ ಗುಳಿಗೆಯಾಗಿಯೂ ಬರುತ್ತದೆ. ಸಾಂದ್ರವಾದದ್ದು ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ. ಎಂಟು ಎಂದು ಕೇಳಿ ಗಾಬರಿಯಾಗಬೇಕಿಲ್ಲ, ಅವು ಮೆಣಸಿನಕಾಳಿನಷ್ಟು ಚಿಕ್ಕವು. ದೊಡ್ಡ ಜೇನುಂಡೆ ಮಾತ್ರ ಒಂದೊಂದೂ 9 ಗ್ರಾಂ ತನಕ ತೂಗುತ್ತದೆ. ಹೊರಗಿನ ಮೇಣದ ಚಿಪ್ಪು, ಪ್ಲಾಸ್ಟಿಕ್ ಎರಡನ್ನೂ ಬಿಡಿಸಿ, ಚಿಕ್ಕ ಚಿಕ್ಕ ಉಂಡೆ ಮಾಡಿ ನುಂಗಬೇಕು ಅಥವಾ ಲೇಹ್ಯದಂತೆ ಅಗಿಯಬೇಕು. ವಯಸ್ಸಾದವರು ಇಡಿಯಾಗಿ ನುಂಗಲು ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಲೇಬಲ್ಲೇ ಇಲ್ಲದ ಕೀಲುನೋವಿನ ಕಪ್ಪು ಗುಳಿಗೆಗಳನ್ನು ಯಾರೇ ತಂದುಕೊಟ್ಟರೂ ಮುಟ್ಟಬೇಡಿ. ಎರಡೇ ದಿನದಲ್ಲಿ ನೋವು ಮಾಯವಾದರೆ ಒಳಗೆ ಸ್ಟಿರಾಯ್ಡ್ ಬೆರೆಸಿರುವ ಸಂಭವ ಹೆಚ್ಚು.

ಇಂಗ್ಲಿಷ್ ಔಷಧದ ಜೊತೆ

ಎರಡಕ್ಕೂ ನಡುವೆ ಒಂದೆರಡು ಗಂಟೆ ಬಿಟ್ಟರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆಯಲ್ಲಿ ಎರಡೂ ಬೆರೆಯದಿರಲು ಅದು ಸಾಕು. ರಕ್ತದಲ್ಲಿ ಬೆರೆಯುವುದನ್ನು ಅದು ತಡೆಯುವುದಿಲ್ಲ. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಡಾನ್‌ಶೆನ್ ಅಥವಾ ಡಾಂಗ್‌ಗುಯ್ ಬೇರಿನ ಕಷಾಯ ಕುಡಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಂಡರೂ ಅಷ್ಟೇ. ಜ್ಯೇಷ್ಠಮಧು ಬಹುಪಾಲು ಚೀನೀ ಕಷಾಯಗಳಲ್ಲಿ ಇರುತ್ತದೆ. ವಾರಗಟ್ಟಲೆ ಕುಡಿದರೆ ದೇಹದ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರಬಹುದು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಇದು ಹೃದಯಕ್ಕೆ ತಟ್ಟುತ್ತದೆ. ಮಾಹ್ವಾಂಗ್ ಎಂಬ ಗಿಡದಲ್ಲಿ ಎದೆಬಡಿತ, ರಕ್ತದೊತ್ತಡ ಏರಿಸುವ ಎಫೆಡ್ರಿನ್ ಇದೆ. ಬಿ.ಪಿ. ಇದ್ದವರಿಗೆ ಆಗದು, ಸ್ಪರ್ಧೆಗೆ ಇಳಿಯುವ ಕ್ರೀಡಾಪಟು ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆ. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮುಂಚೆಯೇ ವೈದ್ಯರಿಗೆ ತಿಳಿಸಿ.

ಬಸುರಿಯರು ಅರ್ಹ ವೈದ್ಯರ ಕಣ್ಣಳತೆಯಿಲ್ಲದೆ ಯಾವುದನ್ನೂ ಕುಡಿಯಬಾರದು. ನಮ್ಮ ಉತ್ತರ ಕರ್ನಾಟಕದ ಹೊಲಗಳ ಕುಸುಬೆಯ ಹೂವೇ ಚೀನೀ ಔಷಧದಲ್ಲಿ ‘ಹೊಂಗ್‌ಹ್ವಾ’. ರಕ್ತ ಚಲಿಸುವಂತೆ ಮಾಡುತ್ತದೆ ಎಂದು ಕೊಡುವ ಅದನ್ನು ಬಸಿರಲ್ಲಿ ದೂರ ಇಡುತ್ತಾರೆ. ಪರಿಚಿತ ಸಾಮಾನು ಎಂದ ಮಾತ್ರಕ್ಕೆ ನಿರಪಾಯ ಎಂದಲ್ಲ. ಅಡಿಕೆಯೂ ಚೀನೀ ಅಂಗಡಿಯ ಡ್ರಾಯರಿನಲ್ಲಿ ಇರುತ್ತದೆ, ಹೊಟ್ಟೆಹುಳುವಿಗೆ ತೂಕ ಹಾಕಿ ಕೊಡುವ ಔಷಧವಾಗಿ.

ಹೆಸರು ತಪ್ಪಿದರೆ

1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು, ಅವರಲ್ಲಿ ಹೆಚ್ಚಿನವರು ಹೆಂಗಸರು. ಗುಳಿಗೆಯಲ್ಲಿ ಇರಬೇಕಾದದ್ದು ಫಾಂಗ್‌ಜಿ, ಬಂದದ್ದು ಗುವಾಂಗ್ ಫಾಂಗ್‌ಜಿ. ಹೆಸರು ಹತ್ತಿರ, ಗಿಡ ಬೇರೆ. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿತ್ತು. ಅದು ಮೂತ್ರಪಿಂಡವನ್ನು ಮರಳಿ ಬಾರದಂತೆ ಹಾಳುಮಾಡುತ್ತದೆ, ಮೂತ್ರನಾಳದ ಕ್ಯಾನ್ಸರ್ ತರುತ್ತದೆ. ನಮ್ಮ ಕಾಡಂಚಿನ ಈಶ್ವರಿ ಬಳ್ಳಿ ಅದೇ ಕುಲದ್ದು, ಅದೇ ಆಮ್ಲ ಅದರಲ್ಲೂ ಇದೆ. ಹಾವು ಕಡಿತಕ್ಕೆಂದು ಅದನ್ನು ಅರೆದು ಕುಡಿಸುವವರು ಇದನ್ನು ತಿಳಿಯಲೇಬೇಕು.

ಹೆ ಶೌ ವು ಎಂಬ ಬೇರು ಕೂದಲು ಕಪ್ಪಾಗಲೆಂದು ಆನ್‌ಲೈನಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಯಕೃತ್ತಿಗೆ ಪೆಟ್ಟು ಕೊಟ್ಟ ಪ್ರಕರಣಗಳು ಅದರ ಹೆಸರಿನಲ್ಲಿ ಸಾಕಷ್ಟು ದಾಖಲಾಗಿವೆ. ಹಳೆಯ ಚೀನೀ ವೈದ್ಯರೇ ಒಟ್ಟಿಗೆ ಸೇರಿಸಬಾರದ ಸಾಮಾನುಗಳ ಹದಿನೆಂಟು ಜೋಡಿಗಳ ಪಟ್ಟಿ ಮಾಡಿದ್ದಾರೆ. ಜ್ಯೇಷ್ಠಮಧುವಿಗೆ ಒಂದು ಬಗೆಯ ಕಡಲಪಾಚಿ ಆಗದು, ಫೂಜಿಯ ಕುಲಕ್ಕೆ ಬಾನ್‌ಶಿಯಾ ಗೆಡ್ಡೆ ಆಗದು. ಇಬ್ಬರು ವೈದ್ಯರ ಪೊಟ್ಟಣವನ್ನು ಒಂದೇ ಪಾತ್ರೆಗೆ ಹಾಕಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಚೀಟಿ ಬರೆಯುವವರು ಯಾರು ಎಂಬುದು ಮುಖ್ಯ. ಸಿಂಗಪುರ, ಹಾಂಗ್‌ಕಾಂಗ್, ಆಸ್ಟ್ರೇಲಿಯಾದಲ್ಲಿ ಚೀನೀ ವೈದ್ಯರು ಸರ್ಕಾರಿ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆಸ್ಟ್ರೇಲಿಯಾದಲ್ಲಿ ಇದು 2012ರಿಂದ ದೇಶಕ್ಕೆಲ್ಲ ಅನ್ವಯ. ಹೆಸರನ್ನು ಮಂಡಳಿಯ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಭಾರತದಲ್ಲಿ ಆಯುಷ್ ಪದ್ಧತಿಗಳಲ್ಲಿ ಚೀನೀ ಗಿಡಮೂಲಿಕೆ ವೈದ್ಯ ಸೇರಿಲ್ಲ. ಬೈಲಕುಪ್ಪೆ, ಮುಂಡಗೋಡಿನಲ್ಲಿ ಸಿಗುವ ಟಿಬೆಟನ್ ಔಷಧ ಸೋವಾ ರಿಗ್ಪಾ ಎಂಬ ಬೇರೆಯೇ ಪದ್ಧತಿ. ಈ ಲೇಖನದ ಕ್ರಮ ಅದಕ್ಕೆ ಹೊಂದುವುದಿಲ್ಲ.

ಎದೆನೋವು, ಉಸಿರುಗಟ್ಟುವುದು, ಮೂರು ದಿನ ದಾಟಿದ ಜ್ವರ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಿಗೆ ಕಷಾಯ ಕಾಯಿಸುತ್ತ ಕೂರಬಾರದು. ಕಷಾಯ ಶುರುಮಾಡಿದ ಮೇಲೆ ಮೂತ್ರ ಕಡುಗಂದಾದರೆ, ಕಣ್ಣು ಹಳದಿಯಾದರೆ, ಮುಖ ಕಾಲು ಊದಿದರೆ, ಮೈಯಲ್ಲಿ ದದ್ದು ಎದ್ದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೋಗುವಾಗ ಚೀಟಿ ಹಾಗೂ ಕಾಯಿಸದ ಒಂದು ಪೊಟ್ಟಣ ಕೈಯಲ್ಲಿರಲಿ. ಕಷಾಯದ ಬಣ್ಣ ನೋಡಿ ಯಾವ ವೈದ್ಯರಿಗೂ ಏನೂ ತಿಳಿಯದು, ಒಣಬೇರಿನ ಬಿಲ್ಲೆ ನೋಡಿದರೆ ಗುರುತು ಹಿಡಿಯುವವರು ಸಿಗುತ್ತಾರೆ.